ಇನ್ವರ್ಟರ್ ಕೊನೆಗೆ ಕೊಳ್ಳಿ: ಆಫ್‌ಗ್ರಿಡ್ ಸೋಲಾರ್‌ನ ಲೆಕ್ಕ ಮತ್ತು ವೈರಿಂಗ್

ಸೋಲಾರ್ ಹಾಕಿಸಬೇಕು ಅಂತ ಫೋನ್ ಮಾಡುವ ಗೆಳೆಯರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಯಾವ ಇನ್ವರ್ಟರ್ ತಗೊಳ್ಳಲಿ?" ನಾನು ಉತ್ತರ ಕೊಡೋದಿಲ್ಲ, ವಾಪಸ್ ಕೇಳ್ತೀನಿ. ದಿನಕ್ಕೆ ಎಷ್ಟು ಕರೆಂಟ್ ಬೇಕು? ಮೋಟಾರ್ ಇದೆಯಾ? ಪ್ಯಾನೆಲ್‌ನಿಂದ ಬ್ಯಾಟರಿ ಎಷ್ಟು ದೂರ? ಇವಕ್ಕೆ ಉತ್ತರ ಸಿಕ್ಕಮೇಲೆ ಇನ್ವರ್ಟರ್ ಯಾವುದು ಅನ್ನೋದು ತಾನಾಗೇ ಗೊತ್ತಾಗುತ್ತೆ. ಉತ್ತರ ಇಲ್ಲದೆ ಅಂಗಡಿಗೆ ಹೋದರೆ ಅಂಗಡಿಯವರ ಹತ್ತಿರ ಯಾವುದು ಸ್ಟಾಕ್ ಇದೆಯೋ ಅದೇ ನಿಮ್ಮ ಸಿಸ್ಟಮ್ ಆಗುತ್ತೆ.

ಬೆಂಗಳೂರು ದಕ್ಷಿಣದ ಅಂಚಿನಲ್ಲಿ ಬೆಳೆಯುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ನಾನು ಇರೋದು ಬನಶಂಕರಿಯಲ್ಲಿ, ಸೊಪ್ಪು ತರಕಾರಿ ಮಾರೋದು ಜಯನಗರ, ಜೆ.ಪಿ. ನಗರದ ಮನೆಗಳಿಗೆ, ಬೆಳೆಯೋದು ಕನಕಪುರ ರಸ್ತೆಯಲ್ಲಿ ತಲಘಟ್ಟಪುರದ ಆಚೆ, ಗುತ್ತಿಗೆಗೆ ಪಡೆದ ಅರ್ಧ ಎಕರೆಯಲ್ಲಿ. ಕರೆಂಟ್ ಲೈನ್ ರಸ್ತೆಯಲ್ಲೇ ಹಾದುಹೋಗುತ್ತೆ. ಆದರೆ ಗುತ್ತಿಗೆ ಜಮೀನಿಗೆ ಮೀಟರ್ ಬೇಕಂದರೆ ಮಾಲೀಕರು ಒಪ್ಪಿ ಕಾಗದ ಕೊಡಬೇಕು. ನಾಳೆ ಲೇಔಟ್ ಆಗಬಹುದಾದ ಜಾಗಕ್ಕೆ ಎಲ್ಲರೂ ಕೊಡೋದಿಲ್ಲ. ಹಾಗಾಗಿ ಆಫ್‌ಗ್ರಿಡ್ ಅನ್ನೋದು ಇಲ್ಲಿ ಶೋಕಿ ಅಲ್ಲ, ಬೇರೆ ದಾರಿ ಇಲ್ಲದ್ದಕ್ಕೆ.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿವರೆಗಿನ ಸಹಾಯಧನ ಮನೆ ಚಾವಣಿಯ, ಗ್ರಿಡ್‌ಗೆ ಜೋಡಿಸಿದ ಸೋಲಾರ್‌ಗೆ. ಬ್ಯಾಟರಿ ಇಟ್ಟುಕೊಂಡು ತಾನೇ ತಾನಾಗಿ ನಿಲ್ಲುವ ಸಿಸ್ಟಮ್‌ಗೆ ಅಲ್ಲ. ಪಿಎಂ ಕುಸುಮ್‌ನಲ್ಲಿ ಸೋಲಾರ್ ಪಂಪ್ ಸಿಗುತ್ತೆ, ಆದರೆ ಜಮೀನಿನ ದಾಖಲೆ ಕೇಳ್ತಾರೆ. ನಿಮಗೆ ಬೇಕಾಗಿರೋದು ನೀರೆತ್ತೋ ಪಂಪ್ ಮಾತ್ರ ಆಗಿದ್ದರೆ ಬ್ಯಾಟರಿಯ ಸಹವಾಸಕ್ಕೇ ಹೋಗಬೇಡಿ. ಹಗಲು ಪಂಪ್ ಓಡಿಸಿ, ನೀರನ್ನು ತೊಟ್ಟಿಯಲ್ಲಿ ತುಂಬಿಸಿ. ಬ್ಯಾಟರಿಗಿಂತ ತೊಟ್ಟಿ ಅಗ್ಗ, ಬಾಳಿಕೆಯೂ ಜಾಸ್ತಿ. ಇವತ್ತಿನ ಪಾಠ ಫ್ರಿಜ್, ದೀಪ, ಕ್ಯಾಮೆರಾ, ಸಣ್ಣ ಮೋಟಾರ್ ಎಲ್ಲ ಇರುವ ಶೆಡ್‌ಗೆ.

ಹೆಜ್ಜೆ 1: ದಿನದ ಲೆಕ್ಕ

ಒಂದು ಹಾಳೆ ತಗೊಳ್ಳಿ. ಪ್ರತಿ ಸಾಮಾನಿನ ಮುಂದೆ ವ್ಯಾಟ್ ಬರೆದು ದಿನಕ್ಕೆ ಓಡುವ ಗಂಟೆಯಿಂದ ಗುಣಿಸಿ. ಬರೋದು ವ್ಯಾಟ್-ಅವರ್. 1,000 ವ್ಯಾಟ್-ಅವರ್ ಅಂದರೆ ಒಂದು ಯೂನಿಟ್. ನಮ್ಮಂಥ ಶೆಡ್‌ನ ಲೆಕ್ಕ ಹೀಗೆ ಬರುತ್ತೆ:

- 9 ವ್ಯಾಟ್‌ನ 6 ಎಲ್‌ಇಡಿ ಬಲ್ಬು, 4 ಗಂಟೆ: 216
- 30 ವ್ಯಾಟ್‌ನ 2 ಬಿಎಲ್‌ಡಿಸಿ ಫ್ಯಾನು, 6 ಗಂಟೆ: 360
- ಬೀಜ, ಜೀವಾಣು ಗೊಬ್ಬರ ಇಡುವ ಫ್ರಿಜ್: 700
- ಹನಿ ನೀರಾವರಿಯ ಅರ್ಧ ಎಚ್‌ಪಿ ಮೋಟಾರ್, ಸುಮಾರು 600 ವ್ಯಾಟ್, ಒಂದೂವರೆ ಗಂಟೆ: 900
- ಕ್ಯಾಮೆರಾ ಮತ್ತು ವೈಫೈ, 15 ವ್ಯಾಟ್, 24 ಗಂಟೆ: 360
- ಮೊಬೈಲ್ ಚಾರ್ಜ್, ತೂಕದ ಯಂತ್ರ: 64
- ಇನ್ವರ್ಟರ್ ಸ್ವಂತಕ್ಕೆ ತಿನ್ನುವುದು, 20 ವ್ಯಾಟ್, 24 ಗಂಟೆ: 480

ಒಟ್ಟು 3,080. ಅಂದರೆ ದಿನಕ್ಕೆ ಮೂರು ಯೂನಿಟ್ ಚಿಲ್ಲರೆ.

ಎರಡು ಸಾಲು ಗಮನಿಸಿ. ಫ್ರಿಜ್‌ಗೆ ವ್ಯಾಟ್ ಹಿಡಿದು ಲೆಕ್ಕ ಹಾಕಬೇಡಿ, ಯಾಕಂದರೆ ಅದು ನಿಂತು ನಿಂತು ಓಡುತ್ತೆ. ಅದರ ಮೈಮೇಲಿನ ಸ್ಟಾರ್ ಲೇಬಲ್‌ನಲ್ಲಿ ವರ್ಷದ ಯೂನಿಟ್ ಬರೆದಿರುತ್ತೆ, ಅದನ್ನು 365ರಿಂದ ಭಾಗಿಸಿ. ಇನ್ನು ಕೊನೆಯ ಸಾಲು. ಏನೂ ಓಡದೇ ಇದ್ದಾಗಲೂ ಇನ್ವರ್ಟರ್ ಎಚ್ಚರವಾಗಿರೋದಕ್ಕೆ ಕರೆಂಟ್ ತಿನ್ನುತ್ತೆ. ನಮ್ಮ ಲೆಕ್ಕದಲ್ಲಿ ಅದು ಬಲ್ಬುಗಳ ಎರಡರಷ್ಟಕ್ಕೂ ಜಾಸ್ತಿ! ಬೇಕಾದ್ದಕ್ಕಿಂತ ದೊಡ್ಡ ಇನ್ವರ್ಟರ್ ತಂದರೆ ಈ ಸಾಲು ಇನ್ನೂ ಬೆಳೆಯುತ್ತೆ. "ಇರಲಿ, ಮುಂದಕ್ಕೆ ಆಗುತ್ತೆ" ಅಂತ 5 ಕೆವಿಎ ಕೊಳ್ಳೋರು ಇದನ್ನು ನೆನಪಿಡಿ.

ಜೆ.ಪಿ. ನಗರದಲ್ಲಿ ಕಚೇರಿ ಇರುವ ಸೆಲ್ಕೋ ಹೆಸರು ಕೇಳಿರ್ತೀರಿ. 1995ರಲ್ಲಿ ಶುರುವಾದ ಸಂಸ್ಥೆ, ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡ ಮನೆಗೆ ಸೋಲಾರ್ ಮುಟ್ಟಿಸುವಾಗ ಅವರು ಹಿಡಿದ ದಾರಿಯೂ ಇದೇ: ಮೊದಲು ಆ ಮನೆಯ ಕೆಲಸ ಏನು, ಬೆಳಕು ಎಲ್ಲಿ ಬೇಕು, ಎಷ್ಟು ಹೊತ್ತು ಬೇಕು ಅಂತ ಕೇಳೋದು, ಆಮೇಲೆ ಸಾಮಾನು ಜೋಡಿಸೋದು. ಅರ್ಧ ಎಕರೆಗೂ ಅದೇ ನಿಯಮ.

ಹೆಜ್ಜೆ 2: ಪ್ಯಾನೆಲ್

ವೈರು, ಬ್ಯಾಟರಿ, ಬಿಸಿಲಿನ ಕಾವು, ಧೂಳು ಎಲ್ಲ ಸೇರಿ ನೂರಕ್ಕೆ ಸುಮಾರು 30 ಭಾಗ ದಾರಿಯಲ್ಲಿ ಹೋಗುತ್ತೆ ಅಂತ ಇಟ್ಕೊಳ್ಳಿ. 3,080 ÷ 0.7 = 4,400 ವ್ಯಾಟ್-ಅವರ್ ಪ್ಯಾನೆಲ್‌ನಿಂದ ಬರಬೇಕು. ಬೆಂಗಳೂರಿನ ಬೇಸಿಗೆ ಬಿಸಿಲು ನೋಡಿ ಲೆಕ್ಕ ಹಾಕಬೇಡಿ, ಜುಲೈ ಆಗಸ್ಟ್‌ನ ಮೋಡ ನೋಡಿ ಹಾಕಿ. ನಾನು ದಿನಕ್ಕೆ 4 ಗಂಟೆ ಪೂರ್ಣ ಬಿಸಿಲು ಅಂತಲೇ ಹಿಡಿಯೋದು. 4,400 ÷ 4 = 1,100 ವ್ಯಾಟ್. 550 ವ್ಯಾಟ್‌ನ ಎರಡು ಪ್ಯಾನೆಲ್.

ನಮ್ಮೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 13ರಿಂದ 15 ಡಿಗ್ರಿ ಓರೆ ಇದ್ದರೆ ಸಾಕು, ಮಳೆ ನೀರು ಧೂಳು ತೊಳೆದುಕೊಂಡು ಹೋಗೋದಕ್ಕೂ ಅಷ್ಟು ಓರೆ ಬೇಕು. ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಹೊತ್ತಿಗೆ ಇಲ್ಲಿ ನಡುಹಗಲಲ್ಲಿ ನೆರಳೇ ಬೀಳೋದಿಲ್ಲ, ಶೂನ್ಯ ನೆರಳಿನ ದಿನ ಅಂತ ಪೇಪರಲ್ಲಿ ಓದಿರ್ತೀರಿ. ಆದರೆ ಡಿಸೆಂಬರ್ 21ರ ಸುತ್ತ ನಡುಹಗಲಲ್ಲೂ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರ್ತಾನೆ. 10 ಅಡಿ ಗೋಡೆಯ ನೆರಳು ಆಗ ಉತ್ತರಕ್ಕೆ 7 ಅಡಿಗೂ ಮೀರಿ ಚಾಚುತ್ತೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಹಾಗಾಗಿ ಪ್ಯಾನೆಲ್ ಜಾಗವನ್ನು ಏಪ್ರಿಲ್‌ನಲ್ಲಿ ನೋಡಿ ನಿರ್ಧರಿಸಬೇಡಿ. ದಕ್ಷಿಣಕ್ಕೆ ಖಾಲಿ ಸೈಟ್ ಇದ್ದರೆ ಅಲ್ಲಿ ನಾಳೆ ನಾಲ್ಕು ಮಹಡಿ ಏಳುತ್ತೆ ಅಂತಲೇ ಲೆಕ್ಕ ಹಾಕಿ. ಗುತ್ತಿಗೆ ಜಮೀನಾದರೆ ಸ್ಟ್ಯಾಂಡ್ ವೆಲ್ಡ್ ಮಾಡಿಸಬೇಡಿ, ಬೋಲ್ಟ್ ಹಾಕಿಸಿ. ಬಿಟ್ಟು ಹೋಗುವ ದಿನ ಬಿಚ್ಚಿಕೊಂಡು ಹೋಗಬಹುದು.

ಹೆಜ್ಜೆ 3: ಬ್ಯಾಟರಿ ಮತ್ತು ವೋಲ್ಟೇಜ್

ಮೋಡದ ದಿನ ಮೋಟಾರ್ ನಿಲ್ಲಿಸಬಹುದು, ಫ್ರಿಜ್ ನಿಲ್ಲಿಸೋಕಾಗಲ್ಲ. ಮೋಟಾರಿನ 900 ಕಳೆದರೆ ದಿನಕ್ಕೆ 2,180. ಒಂದೂವರೆ ದಿನ ತಾಳಬೇಕು ಅಂದರೆ 3,270. ಇನ್ವರ್ಟರ್‌ನಲ್ಲಿ ನೂರಕ್ಕೆ 10 ಹೋಗುತ್ತೆ, ಸುಮಾರು 3,630 ಆಯ್ತು. ಲಿಥಿಯಂ ಫಾಸ್ಫೇಟ್ ಬ್ಯಾಟರಿಯನ್ನು ನೂರಕ್ಕೆ 80ರವರೆಗೆ ಬಳಸಬಹುದು ಅಂದರೆ ಸುಮಾರು 4,540 ಬೇಕು. 25.6 ವೋಲ್ಟ್, 200 ಎಎಚ್ ಬ್ಯಾಟರಿ 5,120 ಕೊಡುತ್ತೆ, ಸಾಕು. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 12 ವೋಲ್ಟ್ 150 ಎಎಚ್‌ನ ನಾಲ್ಕು ಬೇಕಾಗುತ್ತೆ.

ಈಗ ವೋಲ್ಟೇಜ್. ಇಡೀ ವೈರಿಂಗ್ ನಿಂತಿರೋದು ಇದರ ಮೇಲೆ. ವ್ಯಾಟ್ ಅಂದರೆ ವೋಲ್ಟ್ × ಆಂಪಿಯರ್. ವೋಲ್ಟ್ ಕಡಿಮೆ ಆದಷ್ಟೂ ಆಂಪಿಯರ್ ಏರುತ್ತೆ, ವೈರನ್ನು ಬಿಸಿ ಮಾಡೋದು ಆಂಪಿಯರ್. 1,600 ವ್ಯಾಟ್‌ನ ಇನ್ವರ್ಟರ್ ಪೂರ್ತಿ ಓಡಿದಾಗ ಬ್ಯಾಟರಿಯಿಂದ ಎಳೆಯೋದು:

- 12 ವೋಲ್ಟ್‌ನಲ್ಲಿ ಸುಮಾರು 148 ಆಂಪಿಯರ್
- 24 ವೋಲ್ಟ್‌ನಲ್ಲಿ ಸುಮಾರು 74 ಆಂಪಿಯರ್
- 48 ವೋಲ್ಟ್‌ನಲ್ಲಿ ಸುಮಾರು 37 ಆಂಪಿಯರ್

ಬರೀ ದೀಪ, ಫ್ಯಾನಿಗೆ 12 ವೋಲ್ಟ್ ಪರವಾಗಿಲ್ಲ. ಮೋಟಾರ್ ಇದ್ದು 2-3 ಕಿಲೋವ್ಯಾಟ್ ಒಳಗೆ ಅಂದರೆ 24. ಅದಕ್ಕೂ ಮೇಲೆ 48. ಅಗ್ಗ ಅಂತ 12ಕ್ಕೆ ಹೋದರೆ ಉಳಿಸಿದ ದುಡ್ಡು ತಾಮ್ರಕ್ಕೆ ಹೋಗುತ್ತೆ. ತಾಮ್ರಕ್ಕೂ ಹಾಕದೆ ತೆಳು ವೈರು ಎಳೆದರೆ ಅದು ಶೆಡ್ಡಿಗೆ ಬೆಂಕಿ ಇಟ್ಟಂತೆ.

ಹೆಜ್ಜೆ 4: ವೈರು

ಈ ಸೂತ್ರವನ್ನು ಮೊಬೈಲ್ ನೋಟ್ಸ್‌ನಲ್ಲಿ ಹಾಕಿಟ್ಟುಕೊಳ್ಳಿ:

ವೋಲ್ಟ್ ಇಳಿಕೆ = 2 × ಒಂದು ಕಡೆಯ ಉದ್ದ (ಮೀಟರ್) × ಆಂಪಿಯರ್ × 0.02 ÷ ತಾಮ್ರದ ವೈರಿನ ದಪ್ಪ (ಚದರ ಮಿ.ಮೀ.)

2 ಯಾಕಂದರೆ ಕರೆಂಟ್ ಹೋಗಿ ವಾಪಸ್ ಬರಬೇಕು. 0.02 ಅನ್ನೋದು ಬಿಸಿಯಾದ ತಾಮ್ರದ ತಡೆ, ಸ್ವಲ್ಪ ಧಾರಾಳವಾಗಿ ಹಿಡಿದದ್ದು. ಉತ್ತರ ನೂರಕ್ಕೆ 3ರ ಒಳಗಿರಲಿ, ಬ್ಯಾಟರಿಯಿಂದ ಇನ್ವರ್ಟರ್‌ಗೆ 1ರ ಒಳಗಿರಲಿ.

ಪ್ಯಾನೆಲ್‌ನಿಂದ ಕಂಟ್ರೋಲರ್‌ಗೆ 20 ಮೀಟರ್, 6 ಚದರ ಮಿ.ಮೀ. ವೈರು ಅಂದುಕೊಳ್ಳಿ. 550 ವ್ಯಾಟ್ ಪ್ಯಾನೆಲ್ ಓಡುವಾಗ ಸುಮಾರು 42 ವೋಲ್ಟ್, 13 ಆಂಪಿಯರ್ ಕೊಡುತ್ತೆ. ಎರಡನ್ನೂ ಪ್ಯಾರಲೆಲ್ ಮಾಡಿದರೆ 42 ವೋಲ್ಟ್, 26 ಆಂಪಿಯರ್. ಇಳಿಕೆ ಸುಮಾರು 3.5 ವೋಲ್ಟ್, ನೂರಕ್ಕೆ 8. ಸೀರೀಸ್ ಮಾಡಿದರೆ 84 ವೋಲ್ಟ್, 13 ಆಂಪಿಯರ್. ಇಳಿಕೆ 1.7 ವೋಲ್ಟ್, ನೂರಕ್ಕೆ 2. ಅದೇ ವೈರು, ಅದೇ ಪ್ಯಾನೆಲ್, ನಷ್ಟ ಮಾತ್ರ ಕಾಲು ಭಾಗ.

ಇನ್ನೊಂದು. ಮೋಟಾರ್ 60 ಮೀಟರ್ ದೂರದಲ್ಲಿದೆ, 2.5 ಚದರ ಮಿ.ಮೀ. ವೈರು ಇದೆ. 24 ವೋಲ್ಟ್ ಡಿಸಿಯಲ್ಲೇ 600 ವ್ಯಾಟ್ ಕಳಿಸ್ತೀನಿ ಅಂದರೆ 25 ಆಂಪಿಯರ್, ಸೂತ್ರ ಹೇಳುವ ಇಳಿಕೆ 24 ವೋಲ್ಟ್. ಅಂದರೆ ಮೋಟಾರಿಗೆ ಏನೂ ಮುಟ್ಟೋದೇ ಇಲ್ಲ, ಎಲ್ಲ ದಾರಿಖರ್ಚು! 230 ವೋಲ್ಟ್ ಎಸಿಯಲ್ಲಿ ಕಳಿಸಿದರೆ 3.3 ಆಂಪಿಯರ್ ಆಸುಪಾಸು, ಇಳಿಕೆ 3 ವೋಲ್ಟ್ ಚಿಲ್ಲರೆ. ಗೊತ್ತಾಯ್ತಲ್ಲ? ದೂರಕ್ಕೆ ಎಸಿ, ಹತ್ತಿರಕ್ಕೆ ಡಿಸಿ. ಬ್ಯಾಟರಿ ಮತ್ತು ಇನ್ವರ್ಟರ್ ಒಂದೇ ಗೋಡೆಯ ಅಕ್ಕಪಕ್ಕ, ಒಂದೂವರೆ ಮೀಟರ್ ಮೀರದಂತೆ ಇರಲಿ. ನಮ್ಮ 74 ಆಂಪಿಯರ್‌ಗೆ ಅಲ್ಲಿ 35 ಚದರ ಮಿ.ಮೀ. ಮೆದು ತಾಮ್ರದ ಕೇಬಲ್ ಹಾಕಿದರೆ ಇಳಿಕೆ ನೂರಕ್ಕೆ ಅರ್ಧ ಮಾತ್ರ. ಇದಕ್ಕಿಂತ ತೆಳುವಾದದ್ದು ಲೆಕ್ಕಕ್ಕೆ ಸಾಕಾಗಬಹುದು. ಆದರೆ 2016ರ ಏಪ್ರಿಲ್ 24ರಂದು ಬೆಂಗಳೂರೇ 39.2 ಡಿಗ್ರಿ ಮುಟ್ಟಿತ್ತು, ತಗಡಿನ ಶೆಡ್ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತೆ. ಬಿಸಿ ಜಾಗದಲ್ಲಿ ವೈರಿನ ತಾಕತ್ತು ಕಡಿಮೆಯಾಗುತ್ತೆ.

ಪ್ಯಾನೆಲ್ ಕಡೆಗೆ ಸೋಲಾರ್ ಕೇಬಲ್ಲೇ ಬೇಕು, ತವರ ಲೇಪಿಸಿದ ತಾಮ್ರದ್ದು. ಮನೆ ವೈರಿಂಗ್‌ನ ಮಾಮೂಲಿ ವೈರಿನ ಮೇಲ್ಪದರ ಬಿಸಿಲಿಗೆ ಕೆಲವೇ ವರ್ಷದಲ್ಲಿ ಬಿರಿಯುತ್ತೆ. ಎಂಸಿ4 ಕನೆಕ್ಟರ್‌ಗಳ ಗಂಡು-ಹೆಣ್ಣು ಎರಡೂ ಒಂದೇ ಕಂಪನಿಯದ್ದಿರಲಿ. ಬೇರೆ ಬೇರೆ ಆದರೂ ಕೂರುತ್ತೆ, ಆದರೆ ಸರಿಯಾಗಿ ಅಂಟಿಕೊಳ್ಳದೆ ಒಳಗೆ ಕಾಯುತ್ತೆ.

ಹೆಜ್ಜೆ 5: ಚಳಿಗಾಲದ ಬೆಳಗ್ಗೆ

ಸೀರೀಸ್ ಒಳ್ಳೇದು ಅಂದೆ, ಅದಕ್ಕೊಂದು ಮಿತಿ ಇದೆ. ಲೋಡ್ ಇಲ್ಲದಾಗ ಪ್ಯಾನೆಲ್‌ನ ವೋಲ್ಟೇಜ್ ಇನ್ನೂ ಜಾಸ್ತಿ, 550 ವ್ಯಾಟ್‌ನದ್ದು ಸುಮಾರು 50. ಎರಡು ಸೇರಿ 100. ಪ್ಯಾನೆಲ್ ಹಿಂದೆ ಬರೆದಿರುವ ಈ ಅಂಕಿ 25 ಡಿಗ್ರಿಗೆ. ಚಳಿ ಆದಷ್ಟೂ ಏರುತ್ತೆ, ಒಂದು ಡಿಗ್ರಿಗೆ ನೂರಕ್ಕೆ 0.3ರ ಹತ್ತಿರ. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿ 13ರ 7.8 ಡಿಗ್ರಿ. ಅಷ್ಟಕ್ಕೆ ಲೆಕ್ಕ ಹಾಕಿದರೆ 17 ಡಿಗ್ರಿ ಕೆಳಗೆ, ನೂರಕ್ಕೆ 5 ಏರಿಕೆ, 105 ವೋಲ್ಟ್.

ಈಗ 100 ವೋಲ್ಟ್ ಮಿತಿಯ ಕಂಟ್ರೋಲರ್ ತಂದು ಹಾಕಿದ್ದೀರಿ ಅಂದುಕೊಳ್ಳಿ. ಬೇಸಿಗೆಯಲ್ಲಿ ಚೆನ್ನಾಗೇ ಓಡುತ್ತೆ. ಬ್ಯಾಟರಿ ತುಂಬಿರುವ ಒಂದು ಜನವರಿ ಬೆಳಗ್ಗೆ ಬಿಸಿಲು ಹೊಡೆದ ತಕ್ಷಣ ಮಿತಿ ದಾಟುತ್ತೆ, ಒಳಗಿನ ಭಾಗ ಸುಟ್ಟುಹೋಗುತ್ತೆ. ಮಿತಿ ಮೀರಿದ ವೋಲ್ಟೇಜ್‌ಗೆ ವಾರಂಟಿಯೂ ಸಿಗೋದಿಲ್ಲ. ನಮ್ಮ ಆಸುಪಾಸಿನ ಒಬ್ಬ ಹುಡುಗನಿಗೆ ಹೀಗೇ ಆಯ್ತು. ಹೊಸದು ಬರುವವರೆಗೆ ಫ್ರಿಜ್ ನಿಂತು ಅವನು ತಂದಿಟ್ಟಿದ್ದ ಬೀಜ, ಜೀವಾಣು ಎರಡರ ಮೇಲೂ ಭರವಸೆ ಹೋಯ್ತು. ಎರಡು ಪ್ಯಾನೆಲ್ ಸೀರೀಸ್‌ಗೆ 150 ವೋಲ್ಟ್ ಮಿತಿಯ ಎಂಪಿಪಿಟಿ ಕಂಟ್ರೋಲರ್ ತಗೊಳ್ಳಿ. ಆಂಪಿಯರ್ ಲೆಕ್ಕ: 1,100 ÷ 24 = ಸುಮಾರು 46, ಆದ್ದರಿಂದ 50 ಅಥವಾ 60 ಆಂಪಿಯರ್‌ನದ್ದು.

ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರ್ ಇಲ್ಲಿ ಬೇಡ. ಅದು ಪ್ಯಾನೆಲ್ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಎಳೆದುಬಿಡುತ್ತೆ. 13 ಆಂಪಿಯರ್ × 27 ವೋಲ್ಟ್ ಅಂದರೆ 550ರ ಪ್ಯಾನೆಲ್‌ನಿಂದ ಸಿಗೋದು 350 ಮಾತ್ರ.

ಹೆಜ್ಜೆ 6: ಈಗ ಇನ್ವರ್ಟರ್

ಬ್ಯಾಟರಿಯನ್ನು ದಿನದ ಲೆಕ್ಕ ನಿರ್ಧರಿಸುತ್ತೆ, ಇನ್ವರ್ಟರನ್ನು ಒಂದು ಕ್ಷಣದ ಲೆಕ್ಕ. ಎಲ್ಲ ಒಟ್ಟಿಗೆ ಓಡಿದರೆ ನಮ್ಮ ಶೆಡ್ ಸುಮಾರು 900 ವ್ಯಾಟ್. ಆದರೆ ಮೋಟಾರ್ ಶುರುವಾಗುವ ಕ್ಷಣ ನಾಲ್ಕರಷ್ಟು ಎಳೀಬಹುದು, 600 × 4 = 2,400. ಉಳಿದ 300 ಸೇರಿಸಿ 2,700. ಅಂದರೆ ನಿರಂತರ 900ಕ್ಕೆ ಧಾರಾಳವಾಗಿರಬೇಕು, ಕೆಲವು ಸೆಕೆಂಡು 2,700 ತಡೀಬೇಕು. 2 ಕೆವಿಎ, 1,600 ವ್ಯಾಟ್, ಕ್ಷಣಕ್ಕೆ ಎರಡರಷ್ಟು ತಾಳುವ ಇನ್ವರ್ಟರ್ ಇದಕ್ಕೆ ಸರಿಹೊಂದುತ್ತೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು:

- ಕೆವಿಎ ಬೇಡ, ವ್ಯಾಟ್ ಎಷ್ಟು?
- ಪ್ಯೂರ್ ಸೈನ್ ವೇವ್ ಹೌದಾ? ಚೌಕ ಅಲೆಯದ್ದಾದರೆ ಮೋಟಾರ್, ಫ್ರಿಜ್ ಎರಡೂ ಕಾಯುತ್ತವೆ, ಗುಂಯ್ ಅನ್ನುತ್ತವೆ.
- ಎಷ್ಟು ಸೆಕೆಂಡು ಎಷ್ಟು ವ್ಯಾಟ್ ತಾಳುತ್ತೆ?
- ಖಾಲಿ ಇದ್ದಾಗ ಎಷ್ಟು ವ್ಯಾಟ್ ತಿನ್ನುತ್ತೆ?
- ಲಿಥಿಯಂ ಬ್ಯಾಟರಿಗೆ ಸೆಟ್ಟಿಂಗ್ ಇದೆಯಾ? ಬ್ಯಾಟರಿಯ ಬಿಎಂಎಸ್ ನಿರಂತರ 100 ಆಂಪಿಯರ್, ಮೋಟಾರ್ ಶುರುವಿಗೆ ಅದಕ್ಕೂ ಮೇಲೆ ಕೊಡುತ್ತಾ?
- ಕಂಟ್ರೋಲರ್ ಒಳಗೇ ಇದ್ದರೆ ಪ್ಯಾನೆಲ್ ಕಡೆಯ ಕನಿಷ್ಠ ಮತ್ತು ಗರಿಷ್ಠ ವೋಲ್ಟ್ ಎಷ್ಟು? ಕೆಲವಕ್ಕೆ ಕನಿಷ್ಠ 120 ವೋಲ್ಟ್ ಬೇಕು, ನಮ್ಮ 84ಕ್ಕೆ ಅವು ಕಣ್ಣೇ ಬಿಡೋದಿಲ್ಲ.

ಈ ಉತ್ತರಗಳು ಡೇಟಾ ಶೀಟ್‌ನಲ್ಲಿ ಇರುತ್ತವೆ. ಶೀಟ್ ಕೊಡದ ಮಾಲು ಬೇಡ.

ಹೆಜ್ಜೆ 7: ಫ್ಯೂಸ್, ಸ್ವಿಚ್, ಅರ್ಥಿಂಗ್

ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತೆ, ಹಾಗಾಗಿ ಸ್ವಿಚ್ಚಿನಲ್ಲಿ ಎದ್ದ ಕಿಡಿ ಆರುತ್ತೆ. ಡಿಸಿ ಸೊನ್ನೆಗೆ ಬರೋದೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತೆ. ಅದಕ್ಕೇ ಪ್ಯಾನೆಲ್, ಬ್ಯಾಟರಿ ಕಡೆಗೆ ಡಿಸಿ ಅಂತ ಬರೆದ, ಆ ವೋಲ್ಟೇಜ್‌ಗೆ ತಕ್ಕ ಎಂಸಿಬಿ ಮತ್ತು ಸ್ವಿಚ್ಚೇ ಬೇಕು. ಮನೆಯಲ್ಲಿ ಮಿಕ್ಕಿದ ಎಸಿ ಎಂಸಿಬಿ ಹಾಕೋದು ಬೇಡವೇ ಬೇಡ.

ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯಬಹುದು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 100 ಆಂಪಿಯರ್ ಡಿಸಿ ಫ್ಯೂಸ್ ಇರಲಿ, ಟಿ-ಕ್ಲಾಸ್ ಆದರೆ ಉತ್ತಮ. ಫ್ಯೂಸ್ ಇರೋದು ವೈರನ್ನು ಕಾಪಾಡೋಕೆ, ಹಾಗಾಗಿ ಅದು ವೈರಿನ ತಾಕತ್ತಿಗಿಂತ ಕಡಿಮೆ ಇರಬೇಕು. ಎರಡು ಪ್ಯಾನೆಲ್ ಒಂದೇ ಸಾಲಿನಲ್ಲಿದ್ದರೆ ಆ ಕಡೆ ಡಿಸಿ ಐಸೋಲೇಟರ್ ಸಾಕು. ಮೂರು ಅಥವಾ ಹೆಚ್ಚು ಸಾಲು ಪ್ಯಾರಲೆಲ್ ಆದಾಗ ಸಾಲಿಗೊಂದು ಫ್ಯೂಸ್ ಬೇಕು.

ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲು ನಮಗೆ ಹೊಸದಲ್ಲ. ಪ್ಯಾನೆಲ್ ಚೌಕಟ್ಟು, ಸ್ಟ್ಯಾಂಡ್, ಇನ್ವರ್ಟರ್ ಮೈ ಎಲ್ಲಕ್ಕೂ ಅರ್ಥಿಂಗ್ ಕೊಡಿ, ಪ್ಯಾನೆಲ್ ಸಾಲಿಗೆ ಡಿಸಿ ಸರ್ಜ್ ಪ್ರೊಟೆಕ್ಟರ್ ಹಾಕಿ. ಎಸಿ ಕಡೆಗೆ ಆರ್‌ಸಿಸಿಬಿ ಬೇಕು, ಒದ್ದೆ ಕೈಯಲ್ಲಿ ಮೋಟಾರ್ ಮುಟ್ಟೋರು ನಾವು. ಆದರೆ ಆಫ್‌ಗ್ರಿಡ್ ಇನ್ವರ್ಟರ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದು ಕಡೆ ಸೇರಿರದಿದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದಂತೆ. ಇದನ್ನು ಇನ್ವರ್ಟರ್ ಕೈಪಿಡಿ ನೋಡಿಕೊಂಡು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಲೆಕ್ಕ ನಿಮ್ಮದಿರಲಿ, ಕೊನೆಯ ಜೋಡಣೆ ಅವರದ್ದಿರಲಿ.

ಜೋಡಿಸುವ ಕ್ರಮವೂ ಮುಖ್ಯ. ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಪ್ರತಿ ಜೋಡಣೆಗೂ ಮೊದಲು ಮಲ್ಟಿಮೀಟರ್‌ನಲ್ಲಿ ಪ್ಲಸ್ ಮೈನಸ್ ನೋಡಿ. ಪೂರ್ತಿ ಲೋಡ್‌ನಲ್ಲಿ ಒಂದು ಗಂಟೆ ಓಡಿಸಿದ ಮೇಲೆ ಎಲ್ಲ ಆಫ್ ಮಾಡಿ, ಪ್ರತಿ ಲಗ್ ಹತ್ತಿರ ಕೈ ಹಿಡಿದು ನೋಡಿ. ಯಾವುದಾದರೂ ಒಂದು ಉಳಿದವಕ್ಕಿಂತ ಬಿಸಿ ಇದ್ದರೆ ಅಲ್ಲಿ ಕ್ರಿಂಪಿಂಗ್ ಸಡಿಲ ಇದೆ. ತಿಂಗಳಾದ ಮೇಲೆ ಎಲ್ಲ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ.

ಕೊಳ್ಳೋಕೆ ಹೋಗುವಾಗ

ಬನಶಂಕರಿ ಅಥವಾ ಜಯನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಹತ್ತಿರವೇ, ಎಸ್.ಪಿ. ರಸ್ತೆಯೂ ದೂರ ಇಲ್ಲ. ಕೇಬಲ್, ಲಗ್, ಫ್ಯೂಸ್, ಎಂಸಿಬಿ ಎಲ್ಲ ಸಿಗುತ್ತೆ. ಮೂರು ಅಂಗಡಿ ಕೇಳಿ, ಬಿಲ್ ಕೇಳಿ, ಕೇಬಲ್ ಮೇಲೆ ಚದರ ಮಿ.ಮೀ. ಅಚ್ಚಾಗಿದೆಯಾ ನೋಡಿ.

ಆದರೆ ಅದಕ್ಕೂ ಮೊದಲು ಈ ವಾರ ಒಂದು ಕೆಲಸ. ದುಡ್ಡು ಖರ್ಚಿಲ್ಲದ್ದು. ನಿಮ್ಮ ಶೆಡ್‌ನ ಸಾಮಾನಿನ ಪಟ್ಟಿ ಮಾಡಿ, ಪ್ಯಾನೆಲ್ ಜಾಗದಿಂದ ಬ್ಯಾಟರಿವರೆಗೆ, ಅಲ್ಲಿಂದ ಮೋಟಾರ್‌ವರೆಗೆ ಟೇಪ್ ಹಿಡಿದು ಅಳೆಯಿರಿ, ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ನೆರಳಿನ ಫೋಟೊ ತೆಗೆಯಿರಿ. ಒಂದು ಹಾಳೆಯಲ್ಲಿ ಇಷ್ಟು ಇದ್ದರೆ ಯಾವ ಅಂಗಡಿಯಲ್ಲೂ ನಿಮಗೆ ಬೇಡದ್ದನ್ನು ಮಾರೋದು ಕಷ್ಟ.